ಹರಿದ ಹೋಳಿಗೆಯ ಅಲಂಕಾರಶಾಸ್ತ್ರ

ಹದಿನೇಳನೆಯ ವಯಸ್ಸಿನಲ್ಲಿ, ಪರದೇಶದ ಊರಾದ ಕೆನ್ಮೋರಿನ ಒಂದು ಸಮಾರಂಭದ ಹಾಲಿನಲ್ಲಿ, ಯುಗಾದಿ ಊಟಕ್ಕೆ ಸೇರಿದ್ದ ಕನ್ನಡದವರೆಲ್ಲರ ಎದುರು ಮೈಕ್ ಹಿಡಿದು ನಾನು ನಮ್ಮವ್ವ ಮಾಡಿದ ಹೋಳಿಗೆಯನ್ನು ಅಂಗಡಿಯ ಮಾಲು ಎಂದು ಜರೆದೆ. ಅದೂ ಪದ್ಯದಲ್ಲಿ. ಅದು ಅವ್ವ ಮಾಡಿದ ಹೋಳಿಗೆ ಎಂದು ಆ ಹಾಲಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಆ ಇಬ್ಬರಲ್ಲಿ ನಾನಿರಲಿಲ್ಲ. ನನ್ನ ಗುರಿ ಬೇರೆ ಇತ್ತು. ಫ್ಯಾಕ್ಟೋರಿಯಾದ ರಘು ಅಂಕಲ್ ಅವರ ಮಾನವನ್ನು ಸಾರ್ವಜನಿಕವಾಗಿ ಹರಾಜು ಹಾಕಬೇಕೆಂದು ಎರಡು ತಿಂಗಳು ತಯಾರಿ ನಡೆಸಿದ್ದೆ. ಬಾಣ ಬಿಟ್ಟೆ. ಅದು ಅವರ ಕಿವಿಯ ಪಕ್ಕದಲ್ಲಿ ಹಾದುಹೋಗಿ, ಹಿಂದೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ನಮ್ಮವ್ವನಿಗೆ ನಾಟಿತು. ರಘು ಅಂಕಲ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಅವ್ವನ ಹೋಳಿಗೆಯ ಗುರುತು ಮಗನಿಗೇ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಮನೆಯನ್ನು ಸ್ವಲ್ಪ ತೋರಿಸಬೇಕು. ಕೆಂಟ್‌ನಲ್ಲಿ, ಗೋದಾಮುಗಳು ತುಂಬಿದ ಕಣಿವೆಯ ಮೇಲಿನ ಗುಡ್ಡದಲ್ಲಿ, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ನಮ್ಮದು. ಅವ್ವ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ ಕೆಳಗಿನ ಮನೆಯ ಮುದುಕ ಪೊರಕೆಯ ಹಿಡಿಯಿಂದ ತನ್ನ ಚಾವಣಿಗೆ ಗುದ್ದುತ್ತಿದ್ದ. ಆತ ತಾಳ ಹಾಕುತ್ತಿದ್ದಾನೆಂದು ಅವ್ವ ಬಹಳ ದಿನ ನಂಬಿದ್ದಳು. ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತಿತ್ತು. ಅಪ್ಪ ಅದರ ಕೆಳಗೆ ನಿಂತು, ದೇವರಿಗೆ ಚಾಮರ ಬೀಸಿದಂತೆ ಟವೆಲ್ ಬೀಸುತ್ತಿದ್ದ. ಅಡುಗೆಮನೆಯಲ್ಲಿ ಒಂದೇ ಕಾನೂನು: ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವನಿಗೆ ರೊಟ್ಟಿ ಇಲ್ಲ. ನನ್ನ ಓರಗೆಯ ಮಕ್ಕಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಾಗ ನಾನು ಕನ್ನಡ ಕಲಿತೆ. ಭಾಷಾಭಿಮಾನದಿಂದಲ್ಲ, ಹಸಿವಿನಿಂದ. ಇನ್ನು ಹೋಳಿಗೆ. ನಮ್ಮ ಮನೆಯಲ್ಲಿ ಹೋಳಿಗೆ ಎಂದರೆ ಹರಿದದ್ದು. ಹೂರಣ ಹೊರಗೆ ಬಂದದ್ದು, ಒಂದು ಬದಿ ಸೀದದ್ದು, ಭೂಪಟದ ಆಕಾರದ್ದು. ನನ್ನ ತಟ್ಟೆಗೆ ಒಮ್ಮೆಯೂ ಇಡೀ ಹೋಳಿಗೆ ಬಿದ್ದ ನೆನಪಿಲ್ಲ. ಅವ್ವನಿಗೆ ಹೋಳಿಗೆ ಬರುವುದಿಲ್ಲ, ಪಾಪ, ಎಂದುಕೊಂಡು ನಾನು ಹಲವು ವರ್ಷ ದೊಡ್ಡ ಮನಸ್ಸಿನಿಂದ ತಿಂದಿದ್ದೆ. ಹದಿನೇಳು ವರ್ಷದ ಪತ್ತೇದಾರನಿಗೆ, ಹರಿದವು ಇಲ್ಲಿದ್ದರೆ ಇಡಿಯವು ಎಲ್ಲಿ ಹೋದವು ಎಂಬ ಪ್ರಶ್ನೆ ಹೊಳೆಯಲೇ ಇಲ್ಲ.

ಅವ್ವ ಗದಗಿನ ಕಡೆಯವಳು. ಅವಳ ಮಾತಿಗೆ ಒಂದು ಹೊಸ್ತಿಲು ಇತ್ತು: "ನಾ ಏನೂ ಅನ್ನಂಗಿಲ್ಲ." ಈ ಹೊಸ್ತಿಲು ದಾಟಿದ ಮೇಲೆ ಅವಳು ಅನ್ನದೆ ಬಿಟ್ಟದ್ದು ಯಾವುದೂ ಇರುತ್ತಿರಲಿಲ್ಲ.

"ನಾ ಏನೂ ಅನ್ನಂಗಿಲ್ಲ ವಿನ್ಯಾ. ಆ ಸಾಕ್ಸ್ ಸೋಫಾದ ಮ್ಯಾಲ ಯಾಕ ಬಿದ್ದಾವು ಅಂತ ಕೇಳಂಗಿಲ್ಲ. ಮೂರ ದಿನದಿಂದ ಬಿದ್ದಾವು ಅನ್ನೂದನ್ನೂ ಹೇಳಂಗಿಲ್ಲ. ನಿಮ್ಮಪ್ಪನೂ ಹಿಂಗ ಇದ್ದ ಅನ್ನೂದಂತೂ ನನ್ನ ಬಾಯಾಗ ಬರಂಗಿಲ್ಲ."

ಅಪ್ಪ ಇದಕ್ಕೆ ತದ್ವಿರುದ್ಧ. ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ ಅಳೆಯುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್. ಮಾತನ್ನೂ ಅವನು ಹಾಗೆಯೇ ಅಳೆಯುತ್ತಿದ್ದ, ಬಹುಪಾಲು ವಾಪಸ್ ಕಳಿಸುತ್ತಿದ್ದ. ಜಗತ್ತಿನ ಸಕಲ ಶ್ರೇಷ್ಠ ವಸ್ತುಗಳಿಗೂ ಅವನ ಬಳಿ ಒಂದೇ ಪ್ರಶಸ್ತಿ ಇತ್ತು: "ಅಡ್ಡಿಯಿಲ್ಲ." ಮೋಡ ಸರಿದು ಇಡೀ ಹಿಮಪರ್ವತ ಕಿಟಕಿಯಲ್ಲಿ ಕಂಡರೆ, ಅಡ್ಡಿಯಿಲ್ಲ. ನಾನು ಹುಟ್ಟಿದಾಗ ನರ್ಸ್ ತಂದು ತೋರಿಸಿದರೂ ಅವನು ಅಡ್ಡಿಯಿಲ್ಲ ಎಂದನಂತೆ. ಅವ್ವ ಇದನ್ನು ಇಂದಿಗೂ ಕ್ಷಮಿಸಿಲ್ಲ.

ಆ ವರ್ಷದ ಸಂಕ್ರಾಂತಿ ಕೂಟದಲ್ಲಿ ಯಾರೋ ಅವ್ವನನ್ನು ಒಡಪು ಹೇಳಲು ಎಬ್ಬಿಸಿದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸ ಕಟ್ಟಿ ಪದ್ಯದ ಕೊನೆಯಲ್ಲಿ ಹೇಳುತ್ತಾರೆ. ಅದೇ ಒಡಪು. ಕಾಲೇಜಿನಲ್ಲಿ ಕನ್ನಡ ಓದಿದ್ದ ಅವ್ವ ನಿಂತ ಕಾಲ ಮೇಲೆ ಕಟ್ಟಿ ಹೇಳಿದಳು:

"ಮಳಿ ಹನಿಯತೈತಿ ಕೆಂಟಿನ ಕಣಿವಿ ಮ್ಯಾಲ,
ಎಳಿ ಬಿಸಲ ಬೀಳತೈತಿ ಬಾಲ್ಕನಿ ಕಟ್ಟಿ ಮ್ಯಾಲ,
ಅಳತಿ ತಪ್ಪಂಗಿಲ್ಲ ಇವರದು ನಟ್ಟು ಬೋಲ್ಟಿನ ಮ್ಯಾಲ,
ಗಳಿಗಿ ನೋಡಿ ತಂದೇನಿ ಬಸವರಾಜರ ಹೆಸರ ನಾಲಿಗಿ ಮ್ಯಾಲ."

ಚಪ್ಪಾಳೆ ಬಿತ್ತು. ಆಗ ರಘು ಅಂಕಲ್ ಎದ್ದರು. ಹುಟ್ಟಿದ್ದು ಬೆಂಗಳೂರು, ಮನೆ, ಆಫೀಸು ಎರಡೂ ಫ್ಯಾಕ್ಟೋರಿಯಾ. ಯಾವ ಕೂಟದಲ್ಲಾದರೂ ಮೈಕ್ ಅವರ ಕೈಗೆ ತಾನಾಗಿ ಹೋಗಿ ಸೇರುತ್ತಿತ್ತು.

"ಸೂಪರ್ ಗಿರಿಜಾ ಮೇಡಂ! ಆದ್ರೆ ನೆಕ್ಸ್ಟ್ ಟೈಮ್ ಸಬ್‌ಟೈಟಲ್ ಹಾಕಿಸ್ರೀ, ನಮಗೂ ಅರ್ಥ ಆಗ್ಲಿ. ಹೋಗಂಗಿಲ್ರೀ, ಬರಂಗಿಲ್ರೀ, ಏನ್ರೀ ಇದು!"

ಜನ ನಕ್ಕರು. ಅವ್ವನೂ ನಕ್ಕಳು. ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಆದರೆ ಹೊರಡುವಾಗ ಅವ್ವ, "ಇವರು ಗಾಡಿ ತರಾಕ ಹೋಗ್ಯಾರ, ನನಗ ಓಡಸಾಕ ಬರಂಗಿಲ್ಲಲ್ಲ" ಅಂದದ್ದು ಅವರ ಕಿವಿಗೆ ಬಿತ್ತು.

"ಕಲೀಲೇಬೇಡಿ ಮೇಡಂ. ನೀವು ಸ್ಟೀರಿಂಗ್ ಹಿಡಿದ್ರೆ ನಾವೆಲ್ಲ ಫುಟ್‌ಪಾತ್ ಬಿಟ್ಟು ಮರ ಹತ್ತಬೇಕಾಗತ್ತೆ!"

ಅವರ ಹೆಂಡತಿ ಶೈಲಜಾ ಆಂಟಿ, "ರೀ, ಸಾಕು ಸುಮ್ನಿರಿ" ಎಂದರು. ಅವ್ವ ಈ ಸಲ ನಗಲಿಲ್ಲ. ನಮ್ಮ ವ್ಯಾನಿನಲ್ಲಿ "ನಾ ಏನೂ ಅನ್ನಂಗಿಲ್ಲ" ಎಂದು ಶುರು ಮಾಡಿ ಕೆಂಟ್ ತಲುಪುವವರೆಗೆ ಎಲ್ಲವನ್ನೂ ಅಂದಳು, ಮರ ಹತ್ತುವ ಮಾತೊಂದನ್ನು ಬಿಟ್ಟು. ಹಿಂದಿನ ಸೀಟಿನಲ್ಲಿ ನಾನು ಆ ಒಂದು ಮಾತನ್ನು ಮಾತ್ರ ಹಲ್ಲಿನ ನಡುವೆ ಕಡಿಯುತ್ತ ಕೂತಿದ್ದೆ. ಸೇಡು ತೀರಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಆಯುಧ ಮಾತ್ರ ಗೊತ್ತಿರಲಿಲ್ಲ.

ಆಯುಧ ಸಿಕ್ಕಿದ್ದು ಸ್ಕೂಲಿನ ಇಂಗ್ಲಿಷ್ ಕ್ಲಾಸಿನಲ್ಲಿ. ಆ ತಿಂಗಳು ಮಧ್ಯಯುಗದ ಇಂಗ್ಲಿಷ್ ಕಥನಕಾವ್ಯ ನಡೆಯುತ್ತಿತ್ತು. ನಾನು ನಿದ್ದೆಗೆ ಸಿದ್ಧನಾಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಟೀಚರ್ ಹೇಳಿದರು: ಆ ಕಾಲದ ಕವಿಗಳಿಗೆ ಒಂದು ಚಮತ್ಕಾರವಿತ್ತು, ರಾಜನ ಮದುವೆಯ ಊಟವನ್ನು ನಾನು ವರ್ಣಿಸುವುದಿಲ್ಲ, ಸಮಯವಿಲ್ಲ ಎನ್ನುತ್ತಲೇ ಕವಿ ಪಲ್ಯದಿಂದ ಪಾಯಸದವರೆಗೆ ವರ್ಣಿಸಿಬಿಡುತ್ತಾನೆ, ಇದರ ಹೆಸರು ಆಕ್ಯುಪಾಶಿಯೋ. ನಾನು ನೆಟ್ಟಗೆ ಕೂತೆ. ಇದು ನಮ್ಮವ್ವ! ಮರುದಿನ ಇನ್ನೊಂದು ಹೇಳಿದರು: ಮಹಾವೀರನನ್ನು 'ಅಂಜುಬುರುಕನೇನಲ್ಲ' ಎಂದಷ್ಟೇ ಹೊಗಳುವುದು, ದೊಡ್ಡದನ್ನು ಕುಗ್ಗಿಸಿ ಹೇಳುವುದು, ಹೆಸರು ಲೈಟೊಟೀಸ್. ಇದು ನಮ್ಮಪ್ಪ! ನಮ್ಮ ಎರಡು ಬೆಡ್‌ರೂಮಿನಲ್ಲಿ ಇಡೀ ಅಲಂಕಾರಶಾಸ್ತ್ರ ಬಾಡಿಗೆಗೆ ಇತ್ತು. ಮೂರನೆಯದು ಕೇಳಿದಾಗ ಮೈ ರೋಮಾಂಚನ: ಇಬ್ಬರು ಸಭೆಯ ನಡುವೆ ನಿಂತು ಪದ್ಯದಲ್ಲೇ ಪರಸ್ಪರ ಬೈದಾಡುವುದು, ಅದಕ್ಕೆ ಫ್ಲೈಟಿಂಗ್ ಎಂದು ಹೆಸರು. ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದೆ. ವಿಮಾನದ ವಿಷಯವೆಂದುಕೊಂಡು ಅಪ್ಪ ಮೊದಲ ಸಲ ನನ್ನ ಓದಿನಲ್ಲಿ ಆಸಕ್ತಿ ತೋರಿಸಿ ಕನ್ನಡಕ ಹಾಕಿಕೊಂಡ. ಪೂರ್ತಿ ಕೇಳಿ, ಕನ್ನಡಕ ತೆಗೆದ.

"ನಮ್ಮ ಕಡೆ ಇದಕ್ಕ ನಳದ ಮುಂದಿನ ಜಗಳ ಅಂತಾರ."

ಕ್ಲಾಸಿನಲ್ಲಿ ಆ ಕಾಲದ ಶೈಲಿಯಲ್ಲಿ ಒಂದು ಪದ್ಯ ಬರೆಯಬೇಕಿತ್ತು. ಸಾಲಿನೊಳಗಿನ ಪದಗಳು ಒಂದೇ ಸದ್ದಿನಿಂದ ಶುರುವಾಗಬೇಕು ಎಂದು ಟೀಚರ್ ಹೇಳಿದ್ದರು. ನಾನು ಅವ್ವನನ್ನು ಕೇಳಿದೆ. ಅವ್ವ ಸೌಟು ತೋರಿಸುತ್ತ, "ಪ್ರಾಸ ಅಂದ್ರ ಎರಡನೇ ಅಕ್ಷರದಾಗ ಇರ್ತೈತಿ. ಮಳಿ, ಎಳಿ, ಅಳತಿ, ಗಳಿಗಿ. ನಿಮ್ಮ ಟೀಚರ್‌ಗ ಗೊತ್ತಿಲ್ಲ" ಎಂದಳು. ನಾನು ಅವ್ವನನ್ನು ನಂಬಿ, ಇಡೀ ಇಂಗ್ಲಿಷ್ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಿಸಿದೆ. ಟೀಚರ್ ಕೆಂಪು ಶಾಯಿಯಲ್ಲಿ, ಪ್ರಾಸ ಎಲ್ಲಿದೆ ಎಂದು ಕೇಳಿ ಸಿ ಕೊಟ್ಟರು. ನಮ್ಮ ಕಡೆ ಎರಡನೆಯದೇ ಲೆಕ್ಕ ಎಂದು ಜಗಳ ಮಾಡಿದೆ. ಸಿ ಮೈನಸ್ ಆಯಿತು. ಹೀಗೆ ಎರಡು ಭಾಷೆಯ ಕಾವ್ಯಗಳೂ ನನ್ನಿಂದ ಅವಮಾನಿತವಾದ ಮೇಲೆ ನಾನು ರಘು ಅಂಕಲ್ ಕಡೆ ತಿರುಗಿದೆ.

ಎಲ್ಲಿ ಹೊಡೆಯಬೇಕೆಂದು ಗೊತ್ತಿತ್ತು. ಪ್ರತಿ ಯುಗಾದಿಗೂ ಅವರ ಮನೆಯಿಂದ ಬರುವ ಹೋಳಿಗೆ ಹೆಸರುವಾಸಿ. ಚಂದ್ರನಂತೆ ಗುಂಡಗೆ, ರೇಷ್ಮೆಯಂತೆ ತೆಳ್ಳಗೆ. "ನಮ್ಮ ಶೈಲು ಕೈ ಹೋಳಿಗೆ!" ಎಂದು ಅಂಕಲ್ ಮೇಜಿನಿಂದ ಮೇಜಿಗೆ ಸಾರುತ್ತಿದ್ದರು. ಅಷ್ಟು ಗುಂಡನೆಯದನ್ನು ಮನುಷ್ಯರು ಮಾಡಲು ಸಾಧ್ಯವಿಲ್ಲ ಎಂದು ನಾನು ತರ್ಕಿಸಿದೆ. ನಮ್ಮ ಮನೆಯ ಹೋಳಿಗೆ ನೋಡಿದವನಿಗೆ ಬೇರೆ ತರ್ಕ ಬರುವುದೂ ಕಷ್ಟ. ಇದು ಯಂತ್ರದ್ದು, ಡಬ್ಬಿಯದ್ದು, ಮೋಸ. ಆ ಎರಡು ತಿಂಗಳು ನನ್ನ ಪತ್ತೇದಾರಿಕೆ ಎಷ್ಟು ಚುರುಕಾಗಿತ್ತೆಂದರೆ, ಮನೆಯಲ್ಲಿ ಅವ್ವ ಚಪ್ಪಲಿ ಬಿಟ್ಟು ಶೂ ಕೊಂಡದ್ದು ನೋಡಿ, ವಾಕಿಂಗ್ ಶುರು ಮಾಡಿದ್ದಾಳೆ ಎಂದುಕೊಂಡೆ. ಜೋಳದ ಹಿಟ್ಟಿನ ಡಬ್ಬಿಯೊಳಗೆ ರಸ್ತೆ ನಿಯಮಗಳ ಪುಸ್ತಕ ಸಿಕ್ಕಾಗ, ಅಪ್ಪ ಮರೆತು ಇಟ್ಟಿದ್ದಾನೆಂದು ಹಿಟ್ಟು ಕೊಡವಿ ಅವನ ಡ್ರಾಯರಿಗೆ ಹಾಕಿದೆ. ಮರುದಿನ ಅದು ಮತ್ತೆ ಡಬ್ಬಿಯಲ್ಲಿತ್ತು. ಅಪ್ಪನಿಗೆ ಮರೆವು ಜಾಸ್ತಿಯಾಗಿದೆ ಎಂದು ಮರುಗಿದೆ.

ಯುಗಾದಿಯ ಮಧ್ಯಾಹ್ನ ಮೈಕ್ ಹಿಡಿದೆ. ಈ ಸಲ ಇಂಗ್ಲಿಷ್ ಪದ್ಧತಿಯಂತೆ ಮೊದಲ ಅಕ್ಷರವನ್ನೇ ಹಿಡಿದಿದ್ದೆ, ಅವ್ವನ ಆಕ್ಯುಪಾಶಿಯೋ ಬೆರೆಸಿದ್ದೆ:

"ಹಾಸ್ಯಕ್ಕೆ ಹೆಸರಾದ ಹಿರಿಯರ ಹೆಸರು ಹೇಗೆ ಹೇಳಲಿ? ಹೇಳೋದಿಲ್ಲ.
ಹಬ್ಬಹಬ್ಬಕ್ಕೆ ಹೊತ್ತು ತರುವ ಹೋಳಿಗೆಯ ಹುಟ್ಟು ಹೇಳೋದಿಲ್ಲ.
ಹಂಚಿನ ಮೇಲೆ ಹುಟ್ಟಲಿಲ್ಲ, ಹೋಲ್‌ಸೇಲ್ ಅಂಗಡಿಯಲ್ಲಿ ಹುಟ್ಟಿತು
ಹಾಗಂತ ಹೇಳೋಕೆ ಹೋಗೋದೇ ಇಲ್ಲ!"

ರಘು ಅಂಕಲ್ ಹೊಟ್ಟೆ ಹಿಡಿದು ನಕ್ಕರು.

"ಶೈಲೂ! ಇಷ್ಟು ವರ್ಷ ನನಗೆ ಡಬ್ಬಿ ಹೋಳಿಗೆ ತಿನ್ನಿಸಿದ್ಯೇನೇ? ಸರಿಯಾಗಿ ಹಿಡಿದೆ ಕಣೋ ವಿನಾಯಕ!"

ಆಂಟಿಯ ಮುಖ ಕೆಂಪಾಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಅಂಗಡೀದಲ್ಲ ರೀ. ಗಿರಿಜಕ್ಕ ಮಾಡಿದ್ದು. ಮೊದ್ಲಿಂದ್ಲೂ ಅವ್ರೇ ಮಾಡ್ಕೊಡೋದು, ನನಗೆ ಬರಲ್ಲ. ಅದಕ್ಕೇ ಈಗ ಮಂಗಳವಾರ ಮಂಗಳವಾರ ಕೆಂಟ್‌ಗೆ ಹೋಗಿ ಅವ್ರಿಗೆ ಕಾರ್ ಕಲಿಸ್ತಿದೀನಿ."

"ಮಂಗಳವಾರ ನಿಂದು ಯೋಗಾ ಕ್ಲಾಸ್ ಅಲ್ವಾ?" ಎಂದು ಕೇಳಿದ ಅಂಕಲ್‌ಗೆ ಉತ್ತರ ಬೇಕಿರಲಿಲ್ಲ. ಅವರು ಆಗಲೇ ಹಾಲಿನ ಕಡೆ ತಿರುಗಿದ್ದರು. "ಗಿರಿಜಾ ಮೇಡಂ ಡ್ರೈವಿಂಗಂತೆ! ಎಲ್ರೂ ಮರ ಹತ್ರಪ್ಪೋ!"

ಹಾಲಿಗೆ ಹಾಲೇ ನಕ್ಕಿತು. ಆಗ ನನಗೆ ಹೋಳಿಗೆ, ಶೂ, ಹಿಟ್ಟಿನ ಡಬ್ಬಿ ಎಲ್ಲ ಒಟ್ಟಿಗೆ ಅರ್ಥವಾದವು. ಸಂಕ್ರಾಂತಿಯ ಮರುವಾರವೇ ಅವ್ವ ಆಂಟಿಗೆ "ನನಗ ಗಾಡಿ ಕಲಸು" ಎಂದಿದ್ದಳು. ಲೈಸೆನ್ಸ್ ಕೈಗೆ ಬರುವವರೆಗೆ ಅಪ್ಪನಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದ್ದಳು. ಒಂದು ದಿನ ಇದೇ ಹಾಲಿನ ಮುಂದೆ ತಾನೇ ಓಡಿಸಿಕೊಂಡು ಬಂದು ಇಳಿಯಬೇಕೆಂದಿದ್ದಳು. ಅವಳ ಸೇಡು ನನ್ನದಕ್ಕಿಂತ ಮೊದಲೇ ಹೊರಟು, ಸಿಗ್ನಲ್ ನೋಡಿಕೊಂಡು, ಸರಿಯಾದ ಲೇನಿನಲ್ಲಿ ಬರುತ್ತಿತ್ತು. ನನ್ನ ಸೇಡು ಕೆಂಪು ದೀಪ ಹಾರಿ ಬಂದು ಅದಕ್ಕೆ ಡಿಕ್ಕಿ ಹೊಡೆಯಿತು. ಟೆಸ್ಟಿಗೆ ಮೂರೇ ವಾರ ಉಳಿದಿತ್ತು.

ಮನೆಗೆ ಬರುವ ದಾರಿಯಲ್ಲಿ ನಾನು "ನಾ ಏನೂ ಅನ್ನಂಗಿಲ್ಲ" ಎಂಬ ಮಾತಿಗಾಗಿ ಕಾದೆ. ಬೆಲ್‌ವ್ಯೂ ಹೋಯಿತು, ರೆಂಟನ್ ಹೋಯಿತು. ಅವ್ವ ನಿಜವಾಗಿಯೂ ಏನೂ ಅನ್ನಲಿಲ್ಲ. ಹನ್ನೊಂದು ದಿನ ಅನ್ನಲಿಲ್ಲ. ಸೋಫಾದ ಮೇಲೆ ಬೇಕೆಂದೇ ಸಾಕ್ಸ್ ಎಸೆದೆ. ಅವ್ವ ಅವುಗಳ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದಳು. ನನ್ನ ಉಪಾಯ ಸಾಲದೆಂದು ಅಡುಗೆಮನೆಯಲ್ಲಿ ನಿಂತು ಇಂಗ್ಲಿಷಿನಲ್ಲಿ ಮಾತಾಡಿದೆ. ಅವ್ವ ನನಗೆ ರೊಟ್ಟಿ ಹಾಕಿದಳು. ಅದು ಎಲ್ಲಕ್ಕಿಂತ ಭಯಂಕರವಾಗಿತ್ತು. ಅಪ್ಪ ಮಾತ್ರ ಒಂದು ಸಂಜೆ, "ಗಿರಿಜಾ, ನನಗರ ಹೇಳಬಾರದಿತ್ತೇನ?" ಎಂದ. "ಹೇಳಿದ್ರ 'ಯಾಕ ಬೇಕ, ನಾ ಗಾಡ್ಯಾಗ ಬಿಡತೇನಲ್ಲ' ಅಂತಿದ್ರಿ" ಎಂದಳು ಅವ್ವ. ಅಪ್ಪ ಅದನ್ನು ಬಹಳ ಹೊತ್ತು ಅಳೆದ. ವಾಪಸ್ ಕಳಿಸಲಾಗಲಿಲ್ಲ. ಆಂಟಿ ಮಂಗಳವಾರ ಬರುವುದು ನಿಂತಿತ್ತು. ಅವರ ಚಿಕ್ಕ ಕಾರಿನಲ್ಲಿ ಕೈ ಪಳಗಿದ್ದ ಅವ್ವನಿಗೆ ನಮ್ಮ ವ್ಯಾನ್ ಮುಟ್ಟಲು ಧೈರ್ಯವಿರಲಿಲ್ಲ. ಕ್ಯಾಲೆಂಡರಿನಲ್ಲಿ ಟೆಸ್ಟಿನ ದಿನದ ಮೇಲೆ ಅಡ್ಡಗೀಟು ಬಿದ್ದಿತ್ತು, ಟೆಸ್ಟೇ ಬೇಡವೆಂದು.

ಹನ್ನೆರಡನೆಯ ದಿನ ಬಸ್ಸು ಹಿಡಿದು ಫ್ಯಾಕ್ಟೋರಿಯಾಕ್ಕೆ ಹೋದೆ. ಶೈಲಜಾ ಆಂಟಿ ಬಾಗಿಲಲ್ಲೇ ನಿಂತು ನೋಡಿದರು.

"ಆಂಟಿ, ಬೈರಿ."

"ನಿನ್ನ ಬೈದು ಏನ್ ಮಾಡ್ಲೋ? ಪದ್ಯ ಚೆನ್ನಾಗಿತ್ತು, ಅದೇ ಹೊಟ್ಟೆ ಉರಿ. ಒಳಗೆ ಬಾ." ಕಾಫಿ ಕೊಟ್ಟರು. "ಅಕ್ಕನ ಮುಖ ಹೇಗೆ ನೋಡ್ಲಿ ಅಂತ ನಾನೂ ಬಂದಿಲ್ಲ. ಅವ್ರ ಕೈ ಹೋಳಿಗೆಗೆ ನಾನು ಹೊಗಳಿಸ್ಕೊಂಡಿದೀನಿ ನೋಡು. ಟೆಸ್ಟ್ ಏನ್ ಮಾಡಿದ್ರು?"

"ಕ್ಯಾಲೆಂಡರ್‌ನಲ್ಲಿ ಅವ್ವ ಗೀಟು ಹಾಕಿದಾಳೆ."

ಆಂಟಿ ಲೋಟ ಕೆಳಗಿಟ್ಟರು.

"ಗೀಟು ಹಾಕಿದ್ರಾ? ನಮ್ಮನೆಯವ್ರೊಬ್ರು, ಮಂಗಳವಾರ ಬಂದ್ರೆ ಮರ, ಮರ ಅಂತಾರೆ. ಇವ್ರಿಗೆ ಕಾರ್ ಕಲಿಸಿದ್ದು ಯಾರು ಅಂತ ಕೇಳು! ಬೇಡ, ಬಿಡು. ನಾನು ಹೇಳಲ್ಲ."

ಅಲಂಕಾರಶಾಸ್ತ್ರ ಓದಿದ್ದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಹೇಳುವುದಿಲ್ಲ ಎಂದವರ ಮುಂದೆ ಸುಮ್ಮನೆ ಕೂರಬೇಕು, ಅಷ್ಟೇ. ಕಾಫಿ ಮುಗಿಯುವ ಮೊದಲು ಆಂಟಿ ಎಲ್ಲ ಹೇಳಿದ್ದರು. ಏನು ಹೇಳಿದರೆಂದು ನಾನಿಲ್ಲಿ ಹೇಳುವುದಿಲ್ಲ. ನನ್ನ ಕಣ್ಣು ಹೊಳೆದದ್ದು ಅವರಿಗೆ ಕಂಡಿತು.

"ನೋಡು, ಈ ಸಲ ನೀನು ಮೈಕ್ ಮುಟ್ಟಿದ್ರೆ ಕೈ ಮುರೀತೀನಿ. ಇದು ನಿಂದಲ್ಲ. ನಿಮ್ಮಮ್ಮಂಗೆ ಹೇಳು, ಮಂಗಳವಾರ ಬರ್ತೀನಿ ಅಂತ."

ಅವ್ವನಿಗೆ ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದೆ. ಅವಳ ರೊಟ್ಟಿ ಬಡಿಯುವ ಕೈ ಒಂದು ಗಳಿಗೆ ನಿಂತಿತು. ಕೆಳಗಿನ ಮುದುಕನೂ ನಿಲ್ಲಿಸಿದ. ಅಂದಿನಿಂದ ಮನೆಗೆ ಮಾತು ಮರಳಿತು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟು ಮಾತ್ರ. ಆ ಹೊಸ್ತಿಲಿನ ಮಾತು ಬರಲಿಲ್ಲ. ಟೆಸ್ಟು ಪಾಸಾಗಿ ಲೈಸೆನ್ಸ್ ಬಂದ ದಿನ ಅಪ್ಪ ಆ ಕಾರ್ಡನ್ನು ದೀಪದ ಕೆಳಗೆ ಹಿಡಿದು, ನಾಲ್ಕೂ ಅಂಚು ನೋಡಿ, "ಅಡ್ಡಿಯಿಲ್ಲ" ಎಂದ. ನಂತರ ವ್ಯಾನಿನ ಬೀಗದ ಕೈಯನ್ನು ಬಾಗಿಲ ಪಕ್ಕದ ತನ್ನ ಮೊಳೆಯಿಂದ ತೆಗೆದು ಅವಳ ಮೊಳೆಗೆ ಹಾಕಿದ.

ಗಣೇಶ ಹಬ್ಬದ ಮಧ್ಯಾಹ್ನ ಅವ್ವ ಕೆಂಟ್‌ನಿಂದ ಕೆನ್ಮೋರಿನವರೆಗೆ ಓಡಿಸಿದಳು. ಅಪ್ಪ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದವನು ಕೊನೆಯವರೆಗೂ ಬಿಡಲಿಲ್ಲ. ಹಾಲಿನ ಮುಂದೆ ರಘು ಅಂಕಲ್ ನಿಂತಿದ್ದರು. ಅವರ ಕಣ್ಣೆದುರು ಅವ್ವ ಎರಡು ಕಾರುಗಳ ನಡುವೆ ವ್ಯಾನನ್ನು ಹಿಮ್ಮುಖವಾಗಿ, ಹೋಳಿಗೆಯನ್ನು ಹಂಚಿಗೆ ಇಳಿಬಿಟ್ಟಂತೆ ಇಳಿಬಿಟ್ಟಳು. ಅಂಕಲ್‌ಗೆ ಸುಮ್ಮನಿರಲು ಬರುತ್ತಿರಲಿಲ್ಲ. ಒಳಗೆ ಮೈಕ್ ಹಿಡಿದು ಕೂಗಿದರು.

"ಗಿರಿಜಾ ಮೇಡಂ, ಒಡಪು! ಡ್ರೈವಿಂಗ್ ಮೇಲೆ ಆಗ್ಲಿ! ಈ ಸಲ ಸಬ್‌ಟೈಟಲ್ ಜೊತೆಗೆ!"

ಅವ್ವ ಸೆರಗು ಸಿಕ್ಕಿಸಿ ಎದ್ದಳು.

"ಎಡಕ್ಕ ಸಿಗ್ನಲ್ ಹಾಕಿ ಬಲಕ್ಕ ತಿರುವಿದವರು,
ಗಡಬಡಿಸಿ ಬ್ರೇಕ್ ಅಂತ ಎಕ್ಸಲೇಟರ್ ಒತ್ತಿದವರು,
ಬಿಡದ ಮೂರು ಸಲ ಟೆಸ್ಟಿನಾಗ ನಪಾಸಾದವರು,
ಒಡಪಿನಾಗ ಅವರ ಹೆಸರ ನಾ ಹೇಳಂಗಿಲ್ಲ, ಹಿರಿಯರು!"

 ಹಾಲಿನ ಎಲ್ಲ ಕಡೆಯಿಂದ ಕೂಗು: "ಯಾರ್ರೀ ಅದು? ಹೆಸರು ಹೇಳ್ರೀ!"

"ನಾ ಹೆಂಗ ಹೇಳಲಿ?" ಎಂದಳು ಅವ್ವ. "ಒಡಪಿನಾಗ ಗಂಡನ ಹೆಸರ ಹೇಂತಿನ ಹೇಳಬೇಕು. ಅದು ಪದ್ಧತಿ." ಹಾಗೆಂದು ಮೈಕನ್ನು ಚಾಚಿದಳು.

ಶೈಲಜಾ ಆಂಟಿ ಬಡಿಸುವ ಚಮಚ ಕೆಳಗಿಟ್ಟು, ಕೈ ಒರೆಸಿಕೊಂಡು, ನಿಧಾನವಾಗಿ ನಡೆದು ಬಂದರು. ಪ್ರಾಸ ಹಾಕಲಿಲ್ಲ.

"ರಘುನಂದನ."

ನಗೆಗೆ ಹಾಲಿನ ಕಿಟಕಿಗಳ ಗಾಜು ಅದುರಿತು. ಅಂಕಲ್ ಚಕ್ಕುಲಿಯ ತುಂಡು ಬಾಯಲ್ಲಿಟ್ಟುಕೊಂಡು ಹಾಗೇ ನಿಂತಿದ್ದರು, ಅಗಿಯಲೂ ಇಲ್ಲ, ಉಗಿಯಲೂ ಇಲ್ಲ. ಆ ಮುಖವನ್ನು ನಾನು ಈಗಲೂ ಬೇಸರವಾದಾಗಲೆಲ್ಲ ನೆನಪಿಸಿಕೊಳ್ಳುತ್ತೇನೆ. ನಗು ಇಳಿಯುವಷ್ಟರಲ್ಲಿ ಹಿಂದಿನ ಮೇಜಿನಿಂದ ಅಪ್ಪನ ದನಿ ಬಂತು. ಸಭೆಯಲ್ಲಿ ಅಪ್ಪ ಮಾತಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಸಬ್‌ಟೈಟಲ್ ಬೇಕೇನ್ರಿ, ರಘು ಅವರ?"

ಮನೆಗೆ ಬಂದು ಅವ್ವ ಉಳಿದ ಹೋಳಿಗೆಯ ಡಬ್ಬಿ ತೆಗೆದಳು. ನನ್ನ ತಟ್ಟೆಗೆ ಬಿದ್ದದ್ದು ಎಂದಿನಂತೆ ಹರಿದದ್ದು, ಒಂದು ಬದಿ ಸೀದದ್ದು. ನಾನು ಪ್ರತಿಭಟಿಸಿದೆ. ಈ ವಿಜಯಕ್ಕೆ ಬೇಕಾದ ಗುಪ್ತ ಸುದ್ದಿಯನ್ನು ಬಸ್ಸಿನಲ್ಲಿ ಹೋಗಿ ತಂದವನು ನಾನು, ಈಗಲಾದರೂ ಒಂದು ಇಡೀ ಹೋಳಿಗೆ ನನಗೆ ಸಲ್ಲಬೇಡವೇ ಎಂದು ಕೇಳಿದೆ. ಅವ್ವ ನನ್ನನ್ನು ನೋಡಿದಳು. ಮೊಳೆಯ ಮೇಲಿದ್ದ ಬೀಗದ ಕೈಯನ್ನು ನೋಡಿದಳು. ಯುಗಾದಿಯಿಂದ ಗಣೇಶನ ಹಬ್ಬದವರೆಗೆ ನಾನು ಕಾದಿದ್ದ ಮಾತು ಕೊನೆಗೂ ಬಂತು.

"ನಾ ಏನೂ ಅನ್ನಂಗಿಲ್ಲ. ಇಡೀದು ಬೇಕಂದ್ರ ಅಂಗಡ್ಯಾಗ ಸಿಗತೈತಿ. ಶೂ ಹಾಕ್ಕೋ, ಗಾಡ್ಯಾಗ ಬಿಟ್ಟ ಬರ್ತೇನಿ."